ಮಾತ್ರೆ ಅಕ್ಕನ ಎರಡನೇ ಪುಸ್ತಕ

ನಾಲ್ಕನೇ ಕಟ್ಟಡದ ಹಿಂಬದಿಯಲ್ಲಿ, ಜನರೇಟರ್ ಕೋಣೆಗೆ ಒತ್ತಿಕೊಂಡ ಹಾಗೆ ಒಂದು ಸಣ್ಣ ಕೋಣೆ ಇತ್ತು. ಒಂದು ಕಬ್ಬಿಣದ ಮಂಚ, ತೂಕದ ಯಂತ್ರ, ಗಾಜಿನ ಬೀರು, ಎರಡು ಕುರ್ಚಿ. ಜನರೇಟರ್ ಶುರುವಾದರೆ ಬೀರುವಿನೊಳಗಿನ ಬಾಟಲಿಗಳೆಲ್ಲ ಹಲ್ಲು ಕಡಿಯುವ ಹಾಗೆ ಸದ್ದು ಮಾಡುತ್ತಿದ್ದವು. ಆ ಕೋಣೆಯ ನರ್ಸಮ್ಮನನ್ನು ಇಡೀ ಕಂಪನಿ ಮಾತ್ರೆ ಅಕ್ಕ ಅಂತಲೇ ಕರೆಯುತ್ತಿತ್ತು. ತಮಾಷೆ ಏನೆಂದರೆ ಅವಳ ಹಾಗೆ ಸುಲಭಕ್ಕೆ ಮಾತ್ರೆ ಕೊಡದವರು ಇನ್ನೊಬ್ಬರಿರಲಿಲ್ಲ. ತಲೆನೋವು ಅಂತ ಹೋದರೆ ಮೊದಲು ಕೂರಿಸುತ್ತಿದ್ದಳು, ಒಂದು ಲೋಟ ನೀರು ಕುಡಿಸುತ್ತಿದ್ದಳು, ಆಮೇಲೆ, "ಬೆಳಿಗ್ಗೆ ತಿಂದಿದ್ದೇನು, ಬೈಸಿಕೊಂಡಿದ್ದು ಯಾರ ಹತ್ರ?" ಅಂತ ಕೇಳುತ್ತಿದ್ದಳು. ಅರ್ಧ ಜನಕ್ಕೆ ಅಷ್ಟರಲ್ಲೇ ನೋವು ಹೋಗಿರುತ್ತಿತ್ತು.

ನಾನೂ ಹಾಗೆ ಹೋದವನೇ. ಕಂಪನಿ ವರ್ಷಕ್ಕೊಮ್ಮೆ ಹೊರತರುತ್ತಿದ್ದ ಹಸಿರು ವರದಿ ಬರೆಯುವುದು ನನ್ನ ಕೆಲಸ. ಎಷ್ಟು ನೀರು ಉಳಿಸಿದೆವು, ಎಷ್ಟು ವಿದ್ಯುತ್ತು ಬಿಸಿಲಿನಿಂದ ತೆಗೆದೆವು, ನೌಕರರನ್ನು ಎಷ್ಟು ಅಕ್ಕರೆಯಿಂದ ನೋಡಿಕೊಂಡೆವು ಅನ್ನುವುದನ್ನೆಲ್ಲ ನಯವಾದ ಕಾಗದದ ಮೇಲೆ ಬಣ್ಣದ ಚಿತ್ರಗಳ ಜೊತೆ ಬರೆಯುತ್ತಿದ್ದೆ. ವರದಿಯ ತಿಂಗಳು ಬಂತೆಂದರೆ ನನಗೆ ತಲೆ ಸಿಡಿಯುತ್ತಿತ್ತು. ಅವಳು ನನ್ನನ್ನು "ವರದಿಯವರೇ" ಅನ್ನುತ್ತಿದ್ದಳು. ಹದಿನಾಲ್ಕು ವರ್ಷದ ಪರಿಚಯ ನಮ್ಮದು.

ಅದಕ್ಕೆ ಮೊದಲು ಅವಳು ಹನ್ನೊಂದು ವರ್ಷ ಹೆರಿಗೆ ವಾರ್ಡಿನಲ್ಲಿದ್ದಳು. ನಿಂತು ನಿಂತು ಮಂಡಿ ಸವೆದು, ಕೂತು ಮಾಡುವ ಕೆಲಸ ಅಂತ ಇಲ್ಲಿಗೆ ಬಂದಳು. ಮದುವೆ ಆಗಿರಲಿಲ್ಲ. ತಾಯಿ ತೀರಿಕೊಂಡಾಗ ಅವಳಿಗೆ ಇಪ್ಪತ್ತು, ತಂಗಿಗೆ ಐದು. ಆ ತಂಗಿಯನ್ನು ಬೆಳೆಸಿದ್ದು, ಓದಿಸಿದ್ದು, ಮದುವೆ ಮಾಡಿದ್ದು ಇವಳೇ. ತಂಗಿಯ ಗಂಡ ದೂರದೂರಿನ ಲಾರಿ ಚಾಲಕ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ತಂಗಿ ಅಕ್ಕನ ಎರಡು ಕೋಣೆಯ ಮನೆಯಲ್ಲೇ ಇದ್ದಳು. ಅವಳಿಗೊಬ್ಬಳು ಮಗಳು. ಒಂದೂವರೆ ವರ್ಷಕ್ಕೇ ಮಾತು ಶುರು ಮಾಡಿ, ನಿದ್ದೆಯಲ್ಲೂ ನಿಲ್ಲಿಸದ ಹುಡುಗಿ. ಪಟಪಟಿ ಅಂತ ಹೆಸರಿಟ್ಟಿದ್ದಳು ಮಾತ್ರೆ ಅಕ್ಕ. "ನಮ್ಮ ಪಟಪಟಿ ಇವತ್ತು ಗೋಡೆ ಜೊತೆ ಜಗಳ ಆಡಿದ್ಲು ಗೊತ್ತಾ ವರದಿಯವರೇ? ಗೋಡೆ ಸೋತಿತು" ಅಂತ ನನಗೆ ಹೇಳಿ ನಗುತ್ತಿದ್ದಳು.

ಫೋನು, ಲ್ಯಾಪ್‌ಟಾಪು ಮಾಡುವ ನಮ್ಮ ಕಂಪನಿ ಆ ವರ್ಷ ಹಳೆಯ ಸಾಮಾನನ್ನು ಜನರಿಂದ ವಾಪಸು ತೆಗೆದುಕೊಂಡು, ಬಿಚ್ಚಿ, ಒಳಗಿನ ಲೋಹ ಮತ್ತೆ ಬಳಸುವ ಯೋಜನೆ ಶುರು ಮಾಡಿತು. ಆವರಣದ ಹಿಂಭಾಗದಲ್ಲಿ ಒಂದು ಶೆಡ್ಡು ಎದ್ದಿತು. ಅದನ್ನು ನಡೆಸುವುದಕ್ಕೆ ಒಬ್ಬ ಗುತ್ತಿಗೆದಾರ. ‘ಯಾವುದೂ ಕಸವಲ್ಲ’ ಅನ್ನುವ ಸಾಲು ನಾನೇ ಬರೆದದ್ದು. ಶೆಡ್ಡಿನ ಗೋಡೆ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಅದನ್ನು ಬರೆಸಿದ್ದರು.

ಶೆಡ್ಡಿಗೆ ಜನ ಬೇಕು ಅಂತ ಗೊತ್ತಾದ ಕೂಡಲೇ ಮಾತ್ರೆ ಅಕ್ಕ ಅಲ್ಲಿನ ಮೇಸ್ತ್ರಿಯ ಬೆನ್ನು ಬಿದ್ದು ತಂಗಿಯನ್ನು ಸೇರಿಸಿದಳು. "ನೆರಳಲ್ಲಿ ಕೂತು ಮಾಡೋ ಕೆಲಸ. ನನ್ನ ಕಣ್ಣಳತೆಯಲ್ಲೇ ಇರ್ತಾಳೆ. ಇನ್ನೇನು ಬೇಕು?" ಅಂದಿದ್ದಳು ನನ್ನ ಹತ್ತಿರ. ಪಟಪಟಿಗೆ ಆಗ ಎರಡು ವರ್ಷ. ಹಗಲಲ್ಲಿ ಪಕ್ಕದ ಮನೆಯ ಅಜ್ಜಿ ನೋಡಿಕೊಳ್ಳುತ್ತಿದ್ದರು.

ಶೆಡ್ಡಿನಲ್ಲಿ ನಲವತ್ತಮೂರು ಜನ. ಗುರುತಿನ ಚೀಟಿ ನೇತುಹಾಕುವ ಅವರ ಕೊರಳಪಟ್ಟಿ ಕಿತ್ತಳೆ ಬಣ್ಣದ್ದು, ನಮ್ಮದು ಹಸಿರು. ಹಸಿರು ಪಟ್ಟಿಯವರು ನೌಕರರು. ಕಿತ್ತಳೆಯವರು ಗುತ್ತಿಗೆದಾರನ ಜನ. ಮಾತ್ರೆ ಅಕ್ಕನ ಪಟ್ಟಿಯೂ ಕಿತ್ತಳೆಯೇ, ಹದಿನಾಲ್ಕು ವರ್ಷದಿಂದಲೂ. ಅವಳ ಮೇಜಿನ ಮೇಲೆ ಎರಡು ಪುಸ್ತಕ ಇರುತ್ತಿದ್ದವು. ಹಸಿರಿನವರು ಬಂದರೆ ಗಟ್ಟಿ ರಟ್ಟಿನ ದೊಡ್ಡ ಪುಸ್ತಕದಲ್ಲಿ ಬರೆಯಬೇಕು, ಅದು ತಿಂಗಳ ಕೊನೆಗೆ ಕ್ಷೇಮ ವಿಭಾಗಕ್ಕೆ ಹೋಗುತ್ತಿತ್ತು. ಕಿತ್ತಳೆಯವರು ಬಂದರೆ ಶಾಲೆ ಮಕ್ಕಳ ನೋಟುಪುಸ್ತಕದಂಥ ಒಂದರಲ್ಲಿ ಬರೆದಿಡುತ್ತಿದ್ದಳು. ಅದನ್ನು ಯಾರೂ ಕೇಳುತ್ತಿರಲಿಲ್ಲ.

ಶೆಡ್ಡಿನವರು ಮೊದಮೊದಲು ಗೀರು, ಸುಟ್ಟ ಬೆರಳು ಅಂತ ಬರುತ್ತಿದ್ದರು. ಹಳೆಯ ಫೋನುಗಳೊಳಗಿನ ಸರ್ಕಿಟ್ ಹಲಗೆಗಳನ್ನು ಬಿಸಿ ತಟ್ಟೆಯ ಮೇಲಿಟ್ಟು ಬೆಸುಗೆ ಕರಗಿಸಿ ಬಿಡಿಭಾಗ ಕೀಳುವುದು ಅವರ ಕೆಲಸ. ಬೆಸುಗೆಯಲ್ಲಿ ಸೀಸ ಇರುತ್ತದೆ. ಹೊಗೆ ಹೀರುವ ಕೊಳವೆ ತಟ್ಟೆಯ ಮೇಲೇ ಇತ್ತು. ಅದರ ಮೋಟರು ಕೆಟ್ಟರೆ ಎರಡು ಮೂರು ವಾರ ಹಾಗೇ ಬಿದ್ದಿರುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ದೂರುಗಳ ಬಣ್ಣ ಬದಲಾಯಿತು. ಹೊಟ್ಟೆ ಹಿಂಡಿದ ಹಾಗಾಗುತ್ತೆ. ಬಾಯೆಲ್ಲ ನಾಣ್ಯ ಚೀಪಿದ ಹಾಗೆ. ನಾಲ್ಕು ದಿನದಿಂದ ಹೊರಗಡೆಗೆ ಹೋಗಿಲ್ಲ. ಮಾತ್ರೆ ಅಕ್ಕ ಹೊಟ್ಟೆಯುರಿಗೆ ಮಾತ್ರೆ, ಮಲಬದ್ಧತೆಗೆ ಪುಡಿ ಕೊಟ್ಟು ಕಳಿಸಿದಳು. ನಾಲ್ಕು ತಿಂಗಳು ಹೀಗೇ ನಡೆಯಿತು. ಆ ನಾಲ್ಕು ತಿಂಗಳಿಗಾಗಿ ಅವಳು ತನ್ನನ್ನು ತಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಒಂದು ಮಧ್ಯಾಹ್ನ ತಟ್ಟೆ ಕೆಲಸದ ಎತ್ತರದ ಆಳೊಬ್ಬ ಬಂದ. ಮಾತ್ರೆ ತಗೋ ಅಂತ ಇವಳು ಕೊಟ್ಟರೆ ಅವನ ಕೈ ಮುಂದೆ ಬಂತು, ಮಣಿಕಟ್ಟು ಮಾತ್ರ ಏಳಲಿಲ್ಲ, ಬಾಡಿದ ಕಾಂಡದ ಹಾಗೆ ಕೆಳಗೆ ಜೋತುಬಿತ್ತು. "ಎತ್ತಪ್ಪ" ಅಂದಳು. "ಎತ್ತುತ್ತಾ ಇದೀನಕ್ಕ" ಅಂದ ಅವನು. ಅವನಿಗೆ ಬಾಯಿ ತೆರೆಯಲು ಹೇಳಿ ತುಟಿ ಸರಿಸಿ ನೋಡಿದಳು. ಒಸಡಿನ ಅಂಚಿಗೆ ನೀಲಿ ಗೆರೆ. ಓದುವಾಗ ಪುಸ್ತಕದಲ್ಲಿ ನೋಡಿದ್ದಳಂತೆ, ಪರೀಕ್ಷೆಗೆ ಬರಲಿಲ್ಲ ಅಂತ ಮರೆತೂಬಿಟ್ಟಿದ್ದಳಂತೆ.

ಅವತ್ತೇ ಕ್ಷೇಮ ವಿಭಾಗದ ಮುಖ್ಯಸ್ಥೆಯ ಬಳಿ ಹೋದಳು. ಮುಖ್ಯಸ್ಥೆ ಕೆಟ್ಟವಳಲ್ಲ. ನೌಕರರಿಗೆ ಮಲಗಿ ಸುಧಾರಿಸಿಕೊಳ್ಳಲು ಕುರ್ಚಿ, ಮನಸ್ಸು ಬಿಚ್ಚಿ ಮಾತಾಡಲು ಸಲಹೆಗಾರರು, ಬಾಣಂತಿಯರಿಗೆ ಪ್ರತ್ಯೇಕ ಕೋಣೆ, ಎಲ್ಲ ಹಟ ಹಿಡಿದು ಮಾಡಿಸಿದವಳು. ಸೀಸ ಅಂತ ಕೇಳಿ ಅವಳ ಮುಖ ಬಿಳಿಚಿತಂತೆ. ಆಮೇಲೆ, "ಶೆಡ್ಡು ನನ್ನ ವ್ಯಾಪ್ತಿಗೆ ಬರಲ್ಲ ಅಕ್ಕ, ಗುತ್ತಿಗೆದಾರನಿಗೆ ಬರೀತೀನಿ" ಅಂದಳು. ಬರೆದಳು ಕೂಡ. ಗುತ್ತಿಗೆದಾರ ಮಣಿಕಟ್ಟಿನವನನ್ನು ಮನೆಗೆ ಕಳಿಸಿದ, ಉಳಿದವರಿಗೆ ಬಟ್ಟೆಯ ಮುಖಗವಸು ಹಂಚಿದ, ವಿಷ ಇಳಿಯುತ್ತೆ ಅಂತ ದಿನಕ್ಕೊಂದು ಲೋಟ ಹಾಲು ಕೊಡಿಸಿದ. ಎಲ್ಲರೂ ಹಾಲಿನ ಲೋಟ ಹಿಡಿದು ಸಾಲಾಗಿ ನಿಂತ ಫೋಟೊ ನನಗೆ ಬಂತು. ಚೆನ್ನಾಗಿತ್ತು. ಆ ವರ್ಷದ ವರದಿಯ ಹನ್ನೆರಡನೇ ಪುಟದಲ್ಲಿ ಹಾಕಿದೆ.

ಅದೇ ವರ್ಷ ಇನ್ನೊಂದೂ ಆಯಿತು. ನೀರಿನ ಬಳಕೆ ಐದನೇ ಒಂದರಷ್ಟು ಇಳಿಸುತ್ತೇವೆ ಅಂತ ಕಂಪನಿ ಜಗತ್ತಿಗೆಲ್ಲ ಮಾತು ಕೊಟ್ಟಿತ್ತು. ವರ್ಷ ಮುಗಿಯುತ್ತಾ ಬಂದರೂ ಲೆಕ್ಕ ಮುಟ್ಟಿರಲಿಲ್ಲ. ಎಲ್ಲೆಲ್ಲಿ ನೀರು ಹೋಗುತ್ತಿದೆ ಅಂತ ಹುಡುಕಿದಾಗ ಸಿಕ್ಕಿದ್ದು ಶೆಡ್ಡಿನ ಹಿಂದಿನ ಆರು ಸ್ನಾನದ ಮನೆ, ಸಮವಸ್ತ್ರ ಒಗೆಯುವ ಎರಡು ಯಂತ್ರ. ಕೆಲಸ ಮುಗಿದ ಮೇಲೆ ಮಿಂದು, ಬಟ್ಟೆ ಬದಲಿಸಿ ಹೋಗಲಿ ಅಂತ ಶೆಡ್ಡು ಕಟ್ಟಿದವರು ಬುದ್ಧಿವಂತಿಕೆಯಿಂದಲೇ ಮಾಡಿದ್ದರು. ಅವನ್ನು ಮುಚ್ಚಿದರು. ಸಮವಸ್ತ್ರ ಅವರವರು ಮನೆಯಲ್ಲೇ ಒಗೆದುಕೊಳ್ಳಲಿ ಅಂದರು. ಮನೆಯ ನೀರು ಕಂಪನಿಯ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಲೆಕ್ಕ ಮುಟ್ಟಿತು. ‘ಒಂದೊಂದು ಹನಿಗೂ ನಾವು ಹೊಣೆ’ ಅಂತ ನಾನು ಶೀರ್ಷಿಕೆ ಕೊಟ್ಟೆ. ಆ ಪುಟಕ್ಕೆ ಒಂದು ಪ್ರಶಸ್ತಿಯೂ ಬಂತು.

ತಂಗಿ ಸಂಜೆ ಮನೆಗೆ ಬಂದರೆ ಪಟಪಟಿ ಬಾಗಿಲಲ್ಲೇ ಹಾರಿ ಅವಳ ಸೊಂಟ ಏರುತ್ತಿದ್ದಳು. ಸಮವಸ್ತ್ರದ ಹೆಗಲಿಗೆ ಮುಖ ಒತ್ತಿಕೊಂಡು ದಿನದ ಸುದ್ದಿ ಹೇಳುತ್ತಿದ್ದಳು. ತಾಯಿಗೆ ದಣಿವು, ಹಾಗೇ ಗೋಡೆಗೊರಗಿ ಕೂರುತ್ತಿದ್ದಳು, ಮಗು ಮಡಿಲಲ್ಲೇ ಇರುತ್ತಿತ್ತು. ಅಂಗಿಯ ಗುಂಡಿ ಚೀಪುವುದು ಮಗುವಿನ ಚಟ. ಮೂರೂವರೆ ತುಂಬುವ ಹೊತ್ತಿಗೆ ಮಾತು ಕಮ್ಮಿಯಾಗತೊಡಗಿತು. ದೊಡ್ಡವಳಾಗುತ್ತಿದ್ದಾಳೆ, ಗಾಂಭೀರ್ಯ ಬಂದಿದೆ ಅಂದುಕೊಂಡರು. ಆಮೇಲೆ ಅನ್ನ ಬೇಡ, ಹೊಟ್ಟೆನೋವು ಅನ್ನುವ ಅಳು. ಸುಮ್ಮನೆ ಕೂತಲ್ಲಿ ಕೂತೇ ಇರುವುದು. ಗೊತ್ತಿದ್ದ ಮಾತಿಗೆ ತಡಕಾಡುವುದು. ಒಂದು ಸಂಜೆ ದೀಪದ ಕಡೆ ಬೆರಳು ತೋರಿಸಿ, ಬಾಯಿ ತೆರೆದು, ಹೆಸರು ಸಿಗದೆ, ಸಿಟ್ಟಿನಿಂದ ತನ್ನ ಕೈಯನ್ನೇ ಕಚ್ಚಿಕೊಂಡಳಂತೆ.

ಆ ಭಾನುವಾರ ತಂಗಿಗೆ ಮೈ ಹುಷಾರಿರಲಿಲ್ಲ. ಸಮವಸ್ತ್ರ ಒಗೆಯಲು ಕೂತವಳು ಮಾತ್ರೆ ಅಕ್ಕ. ಬಕೆಟ್ಟು ಬಗ್ಗಿಸಿದರೆ ತಳದಲ್ಲಿ ಬೂದಿಬಣ್ಣದ ಗಸಿ, ಬೆರಳಲ್ಲಿ ಉಜ್ಜಿದರೆ ಪೆನ್ಸಿಲ್ ಪುಡಿಯ ಹಾಗೆ ನುಣುಪು. "ಆ ಪುಡಿ ಏನಂತ ಗೊತ್ತಾಯ್ತು ವರದಿಯವರೇ. ಅಲ್ಲೇ ಬಚ್ಚಲಲ್ಲೇ ಕೂತುಬಿಟ್ಟೆ. ಎಷ್ಟು ಹೊತ್ತು ಕೂತಿದ್ನೋ ಗೊತ್ತಿಲ್ಲ. ಮಂಡಿ ಹಿಡ್ಕೊಂಡು ಏಳೋಕಾಗ್ಲಿಲ್ಲ, ತಂಗಿ ಬಂದು ಎತ್ತಿದ್ಲು."

ಮರುದಿನ ಪಟಪಟಿಯ ರಕ್ತ ತೆಗೆದು ಹೊರಗಿನ ಪ್ರಯೋಗಾಲಯಕ್ಕೆ ಕೊಟ್ಟಳು. ತಂಗಿಯದ್ದೂ, ಶೆಡ್ಡಿನ ಇನ್ನೂ ಹತ್ತು ಮಂದಿಯದ್ದೂ. ಫಲಿತಾಂಶ ಬರಲು ಎಂಟು ದಿನ ಹಿಡಿಯಿತು. ಹನ್ನೊಂದು ದೊಡ್ಡವರಲ್ಲಿ ಒಂಬತ್ತು ಜನರ ರಕ್ತದಲ್ಲಿ ಇರಬಾರದಷ್ಟು ಸೀಸ. ಮಗುವಿನದ್ದು, ಎಚ್ಚರ ವಹಿಸಿ ಅಂತ ವೈದ್ಯರು ಎಳೆದ ಗೆರೆಗಿಂತ ಹತ್ತು ಪಟ್ಟು.

ತಂಗಿಗೆ ಅದನ್ನು ಹೇಳಿದ್ದು ಅಡುಗೆಮನೆಯಲ್ಲಿ ನಿಂತುಕೊಂಡು.

"ನಾಳೆಯಿಂದ ಕೆಲಸಕ್ಕೆ ಹೋಗಬೇಡ" ಅಂದಳು ಅಕ್ಕ.

ತಂಗಿ ಉರಿಯುತ್ತಿದ್ದ ಒಲೆ ಆರಿಸಿದಳಂತೆ. ಆಮೇಲೆ, "ನಾನು ಅವಳನ್ನ ಎತ್ಕೊಂಡಿದ್ದಕ್ಕಾ?" ಅಂದಳು.

"ನಿನ್ನದೇನೂ ತಪ್ಪಿಲ್ಲ ಕಣೆ."

"ನಿನಗೆ ಗೊತ್ತಿತ್ತಲ್ಲಕ್ಕ. ಆ ಕೈ ಬಿದ್ದವನನ್ನ ನೋಡಿದಾಗಲೇ ಗೊತ್ತಿತ್ತಲ್ಲ. ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ, ಮುಖಗವಸು ಹಾಕ್ಕೋ ಅಂತ..."

"ಮುಖಗವಸು!" ಅಂದಳಂತೆ ತಂಗಿ. ಅಷ್ಟೇ. ಮಗುವನ್ನು ಎತ್ತಿಕೊಳ್ಳಲು ಹೋದವಳು ಕೈ ಹಿಂದಕ್ಕೆ ತೆಗೆದುಕೊಂಡು, ಬಚ್ಚಲಿಗೆ ಹೋಗಿ ಮೈ ಉಜ್ಜತೊಡಗಿದಳು. ಚರ್ಮ ಕೆಂಪಾದರೂ ನಿಲ್ಲಿಸಲಿಲ್ಲ.

ಅದಾದ ಎರಡನೇ ದಿನ ಮಾತ್ರೆ ಅಕ್ಕ ನನ್ನ ಕೋಣೆಗೆ ಬಂದಳು. ಹದಿನಾಲ್ಕು ವರ್ಷದಲ್ಲಿ ಅವಳು ನನ್ನ ಮಹಡಿಗೆ ಬಂದದ್ದು ಅದೇ ಮೊದಲು. ಕಾಗದಗಳನ್ನು ನನ್ನ ಮುಂದೆ ಹರವಿದಳು.

"ಇದು ನಿಮ್ಮ ವರದೀಲಿ ಬರಬೇಕು" ಅಂದಳು.

ನಾನು ಓದಿದೆ. ನನ್ನ ಬಾಯಿಂದ ಮೊದಲು ಬಂದ ಮಾತು ಯಾವುದು ಅಂತ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. "ಅಕ್ಕ, ವರದಿ ಇರೋದು ನೌಕರರ ಬಗ್ಗೆ. ಇವರು ತಾಂತ್ರಿಕವಾಗಿ ನೌಕರರಲ್ಲ" ಅಂದೆ.

"ಹಾಲು ಕುಡಿಯೋ ಫೋಟೊದಲ್ಲಿ ಇದ್ದರಲ್ಲ?"

ನಾನು ಕಾಗದಗಳನ್ನು ಒಟ್ಟುಮಾಡತೊಡಗಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. "ನೀರು ಉಳಿಸಿದ್ದು ಬರೆದಿದೀರಿ, ಸರಿ. ಆ ನೀರು ಎಲ್ಲಿಂದ ಉಳೀತು ಅಂತ ಒಂದು ಸಾಲು ಬರೀರಿ. ಒಂದೇ ಸಾಲು. ನಾನು ಇಲ್ಲೇ ಕೂತಿರ್ತೀನಿ."

ಬರೆದೆ. ‘ಶೆಡ್ಡಿನ ಸ್ನಾನಗೃಹ ಮುಚ್ಚಿದ ನಂತರ ಕಾರ್ಮಿಕರಲ್ಲಿ ಹಾಗೂ ಒಬ್ಬರ ಮನೆಯ ಮಗುವಿನಲ್ಲಿ ಸೀಸದ ವಿಷ ಕಂಡುಬಂದಿದೆ.’ ಅವಳು ಎರಡು ಸಲ ಓದಿ, ತಲೆಯಾಡಿಸಿ ಹೋದಳು. ಮೇಲಿನವರ ಬಳಿಗೆ ಕರಡು ಹೋಗಿ ವಾಪಸು ಬಂದಾಗ ಆ ಸಾಲಿನ ಮೇಲೆ ಅಡ್ಡಗೆರೆ ಇತ್ತು. ಪಕ್ಕದಲ್ಲಿ ‘ವ್ಯಾಪ್ತಿಯ ಹೊರಗೆ’ ಅಂತ ಷರಾ. ನಾನು ಜಗಳ ಆಡಲಿಲ್ಲ. ಅಡ್ಡಗೆರೆ ಹಾಕಿದ್ದನ್ನು ತೆಗೆದುಹಾಕುವುದೇ ನನ್ನ ಕೆಲಸ, ತೆಗೆದೆ. ಅವಳಿಗೆ ಹೇಳುವ ಧೈರ್ಯವೂ ಆಗಲಿಲ್ಲ. ಎರಡು ವಾರ ತಲೆನೋವು ಬಂದರೂ ಆ ಕೋಣೆಯ ಕಡೆ ಮುಖ ಹಾಕಲಿಲ್ಲ. ಅದರಿಂದಲೇ ಅವಳಿಗೆ ಗೊತ್ತಾಗಿರಬೇಕು.

ವರದಿ ಅಚ್ಚಿಗೆ ಹೋಗುವ ಮುನ್ನ ಹೊರಗಿನ ಒಂದು ಸಂಸ್ಥೆಯಿಂದ ಪರಿಶೀಲಕರೊಬ್ಬರು ಬರುತ್ತಾರೆ, ನಾವು ಬರೆದದ್ದು ನಿಜವೇ ಅಂತ ಅಲ್ಲಲ್ಲಿ ಕೆದಕಿ ನೋಡುತ್ತಾರೆ. ಆ ವರ್ಷ ಬಂದವರು ಕನ್ನಡಕದ, ಮೆತ್ತಗಿನ ಮಾತಿನ ವಯಸ್ಸಾದ ಮನುಷ್ಯ. ಅವರನ್ನು ಎಲ್ಲ ಕಡೆ ಕರೆದೊಯ್ಯುವುದು ನನ್ನ ಪಾಲಿಗೆ ಬಿದ್ದಿತ್ತು. ಪ್ರಥಮ ಚಿಕಿತ್ಸೆಯ ಕೋಣೆಗೆ ಐದು ನಿಮಿಷ ಇಟ್ಟಿದ್ದೆವು. ದೊಡ್ಡ ಪುಸ್ತಕ ಮಾತ್ರ ತೋರಿಸು ಅಂತ ಮಾತ್ರೆ ಅಕ್ಕನಿಗೆ ಮೊದಲೇ ಹೇಳಿ ಕಳಿಸಿದ್ದರು.

ಅವರು ದೊಡ್ಡ ಪುಸ್ತಕ ತಿರುವಿ ಹಾಕಿ, "ಸರಿ, ತುಂಬ ಅಚ್ಚುಕಟ್ಟು" ಅಂತ ಏಳಲು ಹೊರಟರು.

"ಕೂತ್ಕೊಳ್ಳಿ ಸಾರ್. ಒಂದು ಲೋಟ ನೀರು ಕುಡೀರಿ" ಅಂದಳು ಅವಳು.

ಲೋಟ ಮುಂದಿಟ್ಟಳು, ಅದರ ಪಕ್ಕದಲ್ಲಿ ನೋಟುಪುಸ್ತಕ ಇಟ್ಟಳು. ನನ್ನ ಕಡೆ ನೋಡಲೇ ಇಲ್ಲ. ಪರಿಶೀಲಕರು ಒಂದು ಗಂಟೆ ಕೂತರು. ಹೆಸರು, ತಾರೀಕು, ಹೊಟ್ಟೆನೋವು, ಹೊಟ್ಟೆನೋವು, ಹೊಟ್ಟೆನೋವು. ಕೊನೆಯ ಪುಟಕ್ಕೆ ರಕ್ತಪರೀಕ್ಷೆಯ ಕಾಗದಗಳನ್ನು ಅಂಟಿಸಿದ್ದಳು. ಮಗುವಿನ ಕಾಗದ ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನಾಲ್ಕು ವರ್ಷ ಅಂತ ಇದೆ. ಇದು ತಪ್ಪಾಗಿ ಬರೆದಿರೋದಾ?" ಅಂತ ಕೇಳಿದರು.

"ಇಲ್ಲ ಸಾರ್. ನಮ್ಮನೆ ಮಗು" ಅಂದಳು.

ಒಂಬತ್ತು ದಿನದಲ್ಲಿ ಶೆಡ್ಡು ಮುಚ್ಚಿತು. ನಾನು ಆಗ ಗೆದ್ದೆವು ಅಂದುಕೊಂಡೆ. ಆದರೆ ಆ ಕೆಲಸ ನಿಂತಿರಲಿಲ್ಲ. ತಟ್ಟೆಗಳನ್ನೂ ಕೊಳವೆಗಳನ್ನೂ ಲಾರಿಗೆ ಹೇರಿ, ಬಸ್ಸಿನಲ್ಲಿ ಮೂರು ಗಂಟೆ ದೂರದ ಇನ್ನೊಂದು ಊರಿಗೆ, ಇನ್ನೊಬ್ಬ ಗುತ್ತಿಗೆದಾರನ ಕಟ್ಟಡಕ್ಕೆ ಸಾಗಿಸಿದರು. ಅದು ನಮ್ಮ ಆವರಣವಲ್ಲವಾದ್ದರಿಂದ ನಮ್ಮ ವರದಿಗೆ ಸಂಬಂಧವಿಲ್ಲ. ಪರಿಶೀಲಕರು ತಮ್ಮ ಟಿಪ್ಪಣಿಯಲ್ಲಿ ‘ಗಮನಕ್ಕೆ ಬಂದ ಲೋಪವನ್ನು ಕಂಪನಿ ತ್ವರಿತವಾಗಿ ಸರಿಪಡಿಸಿದೆ’ ಅಂತ ಬರೆದರು. ಅವರ ವ್ಯಾಪ್ತಿಯೂ ಅಷ್ಟೇ ಇದ್ದಿರಬಹುದು.

ಕೆಲಸ ಹೋದವರು ಮಾತ್ರೆ ಅಕ್ಕನ ಕೋಣೆಯ ಮುಂದೆ ಬಂದು ನಿಂತರು. ಯಾರೂ ಕೂಗಾಡಲಿಲ್ಲ. ಒಬ್ಬ ಹೆಂಗಸು ಮಾತ್ರ ಒಳಗೆ ಬಂದು, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟು, "ನಮ್ಮ ಹೊಟ್ಟೆನೋವು ನಾವು ತಡ್ಕೋತಾ ಇದ್ವಿ. ನಿನ್ನನ್ನ ಯಾರು ಕೇಳಿದ್ರು?" ಅಂದಳು. ಮಾತ್ರೆ ಅಕ್ಕ ಎದ್ದು ನಿಂತಳು. ಹೆಂಗಸು ಆಗಲೇ ಹೊರಟಿದ್ದಳು.

ಮಗುವಿಗೆ ಆಸ್ಪತ್ರೆ ಬೇಕಿತ್ತು. ರಕ್ತದಿಂದ ಸೀಸ ಸೆಳೆದು ತೆಗೆಯುವ ಮದ್ದು ಇದೆ, ವಾರಗಟ್ಟಲೆ ಸೂಜಿ ಚುಚ್ಚಿ ಕೊಡಬೇಕು. ದುಬಾರಿ ಚಿಕಿತ್ಸೆ. ಕ್ಷೇಮ ವಿಭಾಗದ ಮುಖ್ಯಸ್ಥೆ ಓಡಾಡಿ ಕಂಪನಿಯಿಂದಲೇ ಪೂರಾ ಖರ್ಚು ಕೊಡಿಸಲು ಒಪ್ಪಿಸಿದಳು. ಅದಕ್ಕೊಂದು ಕಾಗದ ಇತ್ತು. ಮಗುವಿನ ಕಾಯಿಲೆಗೂ ಶೆಡ್ಡಿಗೂ ಸಂಬಂಧ ಇದೆಯೆಂದು ಎಲ್ಲಿಯೂ ಹೇಳುವುದಿಲ್ಲ, ಪರಿಹಾರ ಕೇಳುವುದಿಲ್ಲ ಅಂತ. ತಂಗಿ ಸಹಿ ಹಾಕಬೇಕು, ಸಾಕ್ಷಿಯಾಗಿ ಮನೆಯವರೊಬ್ಬರು.

ಆ ಕಾಗದ ತೆಗೆದುಕೊಂಡು ಆಸ್ಪತ್ರೆಗೆ ಹೋದವನು ನಾನು. ಭಾಷೆ ತಿದ್ದಿ ಕೊಟ್ಟವನೂ ನಾನೇ. ಮಕ್ಕಳ ವಾರ್ಡಿನ ಹೊರಗೆ, ಓಣಿಯ ಬೆಂಚಿನ ಮೇಲೆ ಅಕ್ಕತಂಗಿ ಇಬ್ಬರೂ ಕೂತಿದ್ದರು, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ. ತಂಗಿ ಕಾಗದ ಓದಲೂ ಇಲ್ಲ, ಗೀಚಿ ಅಕ್ಕನ ಕಡೆ ತಳ್ಳಿದಳು. ಮಾತ್ರೆ ಅಕ್ಕ ಪೂರ್ತಿ ಓದಿದಳು.

"ಇದಕ್ಕೆ ಸಹಿ ಹಾಕಿದ್ರೆ ನೋಟುಪುಸ್ತಕ ಸುಳ್ಳು ಅಂದ ಹಾಗೆ ಅಲ್ವಾ?" ಅಂತ ನನ್ನನ್ನು ಕೇಳಿದಳು.

"ಹೌದು" ಅಂದೆ. ಅದೊಂದನ್ನಾದರೂ ನೇರವಾಗಿ ಹೇಳಿದೆ.

ತಂಗಿ ಅವಳ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ಮೊದಲ ಸಲ ಮಾತಾಡಿದಳು: "ಹಾಕು."

ಹಾಕಿದಳು. ಪೆನ್ನಿನ ಮುಚ್ಚಳ ಹಾಕಿ ನನಗೆ ವಾಪಸು ಕೊಟ್ಟು, ಒಳಗೆ ಹೋದಳು. ಬಾಗಿಲ ಗಾಜಿನಿಂದ ಕಂಡಿತು. ಪಟಪಟಿ ಮಂಚದ ಮೇಲೆ ಕೂತು ಕೊಳವೆ ಚುಚ್ಚಿದ ತನ್ನ ಕೈಯನ್ನೇ ನೋಡುತ್ತಿದ್ದಳು. ದೊಡ್ಡಮ್ಮ ಬಂದದ್ದು ಗೊತ್ತಾಯಿತು, ನಕ್ಕಳು ಕೂಡ. ಮಾತು ಬರಲಿಲ್ಲ.

ರಕ್ತದ ಸೀಸ ಇಳಿಯಿತು. ಅದು ಮಿದುಳಿನಲ್ಲಿ ಮಾಡಿ ಮುಗಿಸಿದ್ದನ್ನು ಯಾವ ಮದ್ದೂ ಹಿಂದಕ್ಕೆ ತರುವುದಿಲ್ಲ ಅಂತ ವೈದ್ಯರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಹುಡುಗಿಗೆ ಈಗ ಎಂಟು. ಸಣ್ಣಸಣ್ಣ ಮಾತು ಆಡುತ್ತಾಳೆ, ಎರಡು ಪದ, ಮೂರು ಪದ. ಅಕ್ಷರ ನಿಲ್ಲುವುದಿಲ್ಲ, ನಿನ್ನೆ ಕಲಿತದ್ದು ಇವತ್ತಿಗಿಲ್ಲ. ವಿಶೇಷ ಮಕ್ಕಳ ಶಾಲೆಗೆ ಹೋಗುತ್ತಾಳೆ. ತಂಗಿ ಬೇರೆ ಮನೆ ಮಾಡಿಕೊಂಡಳು, ಅಂಗಿ ಹೊಲಿದು ಬದುಕುತ್ತಾಳೆ. ವಾರಕ್ಕೆ ಎರಡು ದಿನ ಮಗುವನ್ನು ಅಕ್ಕನ ಮನೆಗೆ ಬಿಡುತ್ತಾಳೆ, ಹೊಸ್ತಿಲ ಆಚೆಯೇ ನಿಂತು ಬಿಡುತ್ತಾಳೆ. ಮಣಿಕಟ್ಟು ಬಿದ್ದವನು ಹೋದ ವರ್ಷ ಮೂತ್ರಪಿಂಡ ಕೆಟ್ಟು ತೀರಿಕೊಂಡ. ಸೀಸದಿಂದಲೇ ಅಂತ ಯಾರೂ ಬರೆದುಕೊಡಲಿಲ್ಲ.

ಮಾತ್ರೆ ಅಕ್ಕನ ಗುತ್ತಿಗೆಯನ್ನು ಆ ವರ್ಷದ ಕೊನೆಗೆ ನವೀಕರಿಸಲಿಲ್ಲ. ಜಗಳ, ರಂಪ ಏನೂ ಇಲ್ಲ, ಸುಮ್ಮನೆ ನವೀಕರಿಸಲಿಲ್ಲ, ಅಷ್ಟೇ. ಅವಳು ಮತ್ತೆ ಹೆರಿಗೆ ವಾರ್ಡಿಗೆ ಹೋದಳು, ಸವೆದ ಮಂಡಿ ಇಟ್ಟುಕೊಂಡೇ. ನಾನು ಇನ್ನೊಂದು ವರದಿ ಬರೆದು ಕೆಲಸ ಬಿಟ್ಟೆ. ಆ ಒಂದನ್ನು ಯಾಕೆ ಬರೆದೆ ಅಂತ ಕೇಳಿದರೆ ನನ್ನಲ್ಲಿ ಒಳ್ಳೆಯ ಕಾರಣ ಇಲ್ಲ. ಮನೆ ಸಾಗಬೇಕಿತ್ತು.

ಹೋದ ತಿಂಗಳು ನನ್ನ ಸೊಸೆಯ ಹೆರಿಗೆಗೆ ಆಸ್ಪತ್ರೆಗೆ ಹೋದಾಗ ಓಣಿಯಲ್ಲಿ ಸಿಕ್ಕಳು. ಕೂದಲು ಪೂರ್ತಿ ನೆರೆತಿತ್ತು. "ಏನು ವರದಿಯವರೇ, ತಲೆನೋವು ಹೇಗಿದೆ?" ಅಂದಳು. ನಾನು ಏನೇನೋ ತೊದಲಿದೆ. ತಪ್ಪಾಯಿತು ಅನ್ನುವ ಅರ್ಥದ ಮಾತು. ಅವಳು ಅದನ್ನು ಪೂರ್ತಿ ಕೇಳಿಸಿಕೊಂಡಳು. ಇರಲಿ ಬಿಡಿ ಅಂತ ಅನ್ನಲಿಲ್ಲ. "ಹ್ಞೂಂ" ಅಂದಳು.

ಆಮೇಲೆ, ರಜೆಯ ದಿನ ಏನು ಮಾಡುತ್ತೀರಿ ಅಂತ ನಾನು ಕೇಳಿದ್ದಕ್ಕೆ ಹೇಳಿದಳು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಆ ಮೂರು ಗಂಟೆ ದೂರದ ಊರಿಗೆ ಹೋಗುತ್ತಾಳಂತೆ. ಹೊಸ ಕಟ್ಟಡದ ಗೇಟಿನ ಎದುರು, ರಸ್ತೆಯಾಚೆ ನಿಲ್ಲುತ್ತಾಳಂತೆ. ಕಾಗದದಲ್ಲಿ ಏನೂ ಹೇಳಬಾರದು ಅಂತಿದೆ, ಹಾಗಾಗಿ ಕಂಪನಿಯ ಹೆಸರಾಗಲಿ ಸೀಸದ ಹೆಸರಾಗಲಿ ಎತ್ತುವುದಿಲ್ಲ. ಪಾಳಿ ಮುಗಿಸಿ ಬರುವ ಹೆಂಗಸರಿಗೆ ಒಂದೇ ಮಾತು ಹೇಳುತ್ತಾಳೆ: ಮನೆಗೆ ಹೋದ ಕೂಡಲೇ ಮಗು ಎತ್ಕೋಬೇಡಿ, ಮೊದಲು ಬಟ್ಟೆ ಬದಲಾಯಿಸಿ, ಕೈಕಾಲು ಮುಖ ತೊಳ್ಕೊಳ್ಳಿ. ಕಾವಲಿನವರು ಎರಡು ಸಲ ಓಡಿಸಿದ್ದಾರೆ. ಹುಚ್ಚಿ ಅಂದುಕೊಂಡು ದಾಟಿ ಹೋಗುವವರೇ ಹೆಚ್ಚು.

"ಹೋದ ಸಲ ಇಬ್ಬರು ನಿಂತ್ಕೊಂಡು ಕೇಳಿಸ್ಕೊಂಡ್ರು" ಅಂದಳು. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. ಗೋಡೆ ಹಿಡಿದುಕೊಂಡು, ಮಂಡಿ ಸುಧಾರಿಸಿಕೊಂಡು, ಅವಳು ವಾರ್ಡಿನೊಳಗೆ ಹೋದಳು.